ಬಂಗಾರ ಖರೆ, ನಾಣ್ಯ ಖರೆಯೇ?

ಆಯಿಯ ಟ್ರಂಕಿನ ತಳದಲ್ಲಿ, ಹಳೇ ಇಳಕಲ್ಲ ಸೀರೆಯ ಸೆರಗಿನ ತುಂಡಿನಲ್ಲಿ ಕಟ್ಟಿಟ್ಟ ಒಂದು ಗಿನ್ನಿ, ಅಂದರೆ ಬ್ರಿಟಿಷರ ಕಾಲದ ಬಂಗಾರದ ನಾಣ್ಯ, ಇತ್ತು. ಒಂದು ಬದಿಗೆ ಗಡ್ಡದ ರಾಜ. ಇನ್ನೊಂದು ಬದಿಗೆ ಕುದುರೆ ಏರಿ ಘಟಸರ್ಪದಂಥದ್ದನ್ನು ತುಳಿಯುತ್ತಿರುವ ಸವಾರ, ಅವನ ಕೆಳಗೆ 1918. ಬಂಗಾರದ ದರ 2025ರಲ್ಲಿ ಹತ್ತು ಗ್ರಾಂಗೆ ಲಕ್ಷ ರೂಪಾಯಿ ಮುಟ್ಟಿದ ಮೇಲೆ ಬೆಳಗಾವಿಯ ಎಷ್ಟೋ ಮನೆಗಳ ಟ್ರಂಕು ತೆರೆದವು, ನಮ್ಮದೂ ತೆರೆಯಿತು. ಪರಿಚಯದ ಪತ್ತಾರ ಕಾಕಾ ಗಿನ್ನಿಯನ್ನು ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯ ಮೇಲಿಟ್ಟರು. 8.03 ಗ್ರಾಂ ತೋರಿಸಿತು. ತೆಗೆದು ಮತ್ತೆ ಇಟ್ಟರು. ಅಷ್ಟೇ.

"ತಮ್ಮಾ, ಬಂಗಾರ ಖರೇನ ಐತಿ. ಆದ್ರ ನಾಣ್ಯ ಖರೇ ಐತೇನು ಅಂತ ನನ್ನ ಕೇಳಬ್ಯಾಡ. ತೂಕ ಜಾಸ್ತಿ ಬರಾಕತ್ತೈತಿ" ಅಂದರು.

ತೂಕ ಕಡಿಮೆ ಬಂದರೆ ಅನುಮಾನ ಪಡುವುದು ಗೊತ್ತು. ಹೆಚ್ಚು ಬಂದರೂ ಅನುಮಾನವೇ? ಹೌದು. ಯಾಕೆ ಅನ್ನುವುದಕ್ಕೆ ಹಳೆಯ ಬಂಗಾರದ ನಾಣ್ಯಗಳನ್ನು ಪರೀಕ್ಷಿಸುವ ಬಗೆಯನ್ನು ಬುಡದಿಂದ ತಿಳಿಯಬೇಕು.

ಒಂದಲ್ಲ, ಮೂರು ಪ್ರಶ್ನೆ

"ಇದು ಅಸಲಿಯೋ ನಕಲಿಯೋ" ಎಂದು ನಾವು ಒಂದೇ ಉಸಿರಿಗೆ ಕೇಳುತ್ತೇವೆ. ಅದರೊಳಗೆ ಮೂರು ಪ್ರಶ್ನೆ ಅಡಗಿವೆ. ಲೋಹ ಬಂಗಾರವೇ? ಆ ಬಂಗಾರವನ್ನು ನಾಣ್ಯವಾಗಿ ಒತ್ತಿದ್ದು ಅದರ ಮೇಲೆ ಬರೆದಿರುವ ಟಂಕಸಾಲೆಯೇ? ಟಂಕಸಾಲೆಯಿಂದ ಹೊರಬಂದ ಮೈ ಹಾಗೇ ಇದೆಯೇ, ಅಥವಾ ಆಮೇಲೆ ಯಾರಾದರೂ ತಿಕ್ಕಿ, ಕೊರೆದು, ಬೆಸೆದು ಕೈಯಾಡಿಸಿದ್ದಾರೆಯೇ?

ಮೊದಲ ಪ್ರಶ್ನೆಗೆ ಪತ್ತಾರರು ಉತ್ತರ ಕೊಡಬಲ್ಲರು. ಅವರ ಕಸುಬೇ ಅದು. ಉಳಿದೆರಡು ನಾಣ್ಯ ಬಲ್ಲವರ ಕೆಲಸ. ಸಂಗ್ರಹಕಾರರು ಬಂಗಾರದ ದರದ ಮೇಲೆ ಹೆಚ್ಚಿಗೆ ಕೊಡುವ ದುಡ್ಡೆಲ್ಲ ಈ ಎರಡನೇ ಮತ್ತು ಮೂರನೇ ಉತ್ತರದ ಮೇಲೆ ನಿಂತಿರುತ್ತದೆ.

ಅಸಲಿ ಬಂಗಾರದಲ್ಲಿ ನಕಲಿ ನಾಣ್ಯ ಯಾರು ಮಾಡುತ್ತಾರೆ ಅನ್ನಿಸಬಹುದು. 1950ರ ದಶಕದಲ್ಲಿ ಇಟಲಿಯ ಮಿಲಾನ್ ಮತ್ತು ಲೆಬನಾನಿನ ಬೈರೂತ್‌ಗಳಲ್ಲಿ ಬ್ರಿಟಿಷ್ ಸಾವರಿನ್, ಅಂದರೆ ನಮ್ಮ ಗಿನ್ನಿಗಳನ್ನು ಸರಿಯಾದ ಬಂಗಾರದಲ್ಲೇ ನಕಲು ಮಾಡಿದ್ದರು. ಆಗ ಗಿನ್ನಿಯ ಪೇಟೆ ಬೆಲೆ ಅದರೊಳಗಿನ ಬಂಗಾರದ ಬೆಲೆಗಿಂತ ಸಾಕಷ್ಟು ಮೇಲಿತ್ತು. ನಡುವಿನ ಆ ಅಂತರವೇ ಅವರ ಲಾಭ. ಅಂಥ ನಾಣ್ಯವನ್ನು ಒರೆಗಲ್ಲಿಗೆ ಹಚ್ಚಿದರೆ ಪಾಸು. ಭೂತಗನ್ನಡಿಯ ಕೆಳಗೆ ಹಿಡಿದರೆ ಮಾತ್ರ ಸಿಕ್ಕಿಬೀಳುತ್ತದೆ.

ನೀರಿನ ತೂಕ

ಬಂಗಾರ ಭಾರವಾದ ಲೋಹ. ಅಷ್ಟೇ ಜಾಗದ ನೀರಿಗಿಂತ ಶುದ್ಧ ಬಂಗಾರ 19.3 ಪಟ್ಟು ತೂಗುತ್ತದೆ. ಬೆಳ್ಳಿ 10.5 ಪಟ್ಟು, ತಾಮ್ರ ಸುಮಾರು 9, ಹಿತ್ತಾಳೆ ಎಂಟೂವರೆಯ ಆಸುಪಾಸು. 22 ಕ್ಯಾರೆಟ್ ಬಂಗಾರ, ಬೆರೆಸಿದ ಲೋಹ ನೋಡಿಕೊಂಡು, 17.5ರಿಂದ 18ರ ನಡುವೆ ಬರುತ್ತದೆ.

ಪರೀಕ್ಷೆ ಸರಳ. ನಾಣ್ಯವನ್ನು ಮೊದಲು ಗಾಳಿಯಲ್ಲಿ ತೂಗಬೇಕು. ಆಮೇಲೆ ಸಣ್ಣ ದಾರಕ್ಕೆ ಕಟ್ಟಿ ನೀರಿನ ಲೋಟದಲ್ಲಿ, ತಳಕ್ಕೂ ಬದಿಗೂ ತಾಗದಂತೆ ತೂಗುಬಿಟ್ಟು ತೂಗಬೇಕು. ಬಾವಿಯಲ್ಲಿ ಕೊಡ ಮುಳುಗಿದ್ದಾಗ ಹಗುರ, ನೀರಿನಿಂದ ಮೇಲೆದ್ದ ಕೂಡಲೇ ಭಾರ ಅನ್ನಿಸುವುದಲ್ಲ, ಅದೇ ಲೆಕ್ಕ. ನೀರಿನಲ್ಲಿ ಎಷ್ಟು ತೂಕ ಕಳೆಯಿತೋ ಅದರಿಂದ ಮೊದಲ ತೂಕವನ್ನು ಭಾಗಿಸಬೇಕು. ಗಿನ್ನಿಯ ನಿಗದಿತ ತೂಕ 7.988 ಗ್ರಾಂ. ಸ್ವಲ್ಪ ಸವೆದು 7.98 ಇದೆ, ನೀರಿನಲ್ಲಿ 7.53 ಬಂತು ಅಂದುಕೊಳ್ಳಿ. ಕಳೆದದ್ದು 0.45. ಭಾಗಿಸಿದರೆ 17.7. ಬಂಗಾರ ಸರಿ. ಅದೇ ಗಾತ್ರದ ಹಿತ್ತಾಳೆ ಬಿಲ್ಲೆ ನಾಲ್ಕು ಗ್ರಾಂ ಕೂಡ ತೂಗದು. ಎಂಟು ಗ್ರಾಂ ತೂಗಬೇಕಾದರೆ ಅದು ಎರಡು ಪಟ್ಟು ದಪ್ಪ ಇರಬೇಕು. ಆಗ ಕೈಗೇ ಗೊತ್ತಾಗುತ್ತದೆ.

ಆಯಿಯ ಗಿನ್ನಿ ನೀರಿನಲ್ಲಿ 7.57 ತೂಗಿತು. ಲೆಕ್ಕ 17.5ರ ಹತ್ತಿರ ಬಂತು. ಹಾಗಾಗಿ ಬಂಗಾರದ ಬಗ್ಗೆ ತಕರಾರಿರಲಿಲ್ಲ.

ಸಣ್ಣ ನಾಣ್ಯಗಳಿಗೆ ಈ ಉಪಾಯ ಕೈಕೊಡುತ್ತದೆ. ವಿಜಯನಗರದ ವರಾಹ ಸುಮಾರು 3.4 ಗ್ರಾಂ. ನೀರಿನಲ್ಲಿ ಕಳೆಯುವುದು 0.19 ಗ್ರಾಂ ಮಾತ್ರ. ತಕ್ಕಡಿ 0.18 ತೋರಿಸಿದರೆ ಉತ್ತರ 18.9, 0.20 ತೋರಿಸಿದರೆ 17. ಒಂದು ಕೂದಲೆಳೆಯ ತಪ್ಪಿಗೆ ಶುದ್ಧ ಬಂಗಾರ ಮಿಶ್ರ ಬಂಗಾರವಾಗಿಬಿಡುತ್ತದೆ. ಮಿಲಿಗ್ರಾಂ ತೋರಿಸುವ ತಕ್ಕಡಿ ಇಲ್ಲದೆ ವರಾಹದ ಮೇಲೆ ತೀರ್ಪು ಕೊಡಬಾರದು.

ಅಯಸ್ಕಾಂತ ಹಿಡಿದು "ಅಂಟಲಿಲ್ಲ, ಅಂದ್ರ ಬಂಗಾರ" ಅನ್ನುವವರಿದ್ದಾರೆ. ಹಿತ್ತಾಳೆಯೂ ಅಂಟುವುದಿಲ್ಲ, ತಾಮ್ರವೂ ಅಂಟುವುದಿಲ್ಲ. ಸರಾಫ ಅಂಗಡಿಗಳ ಕ್ಯಾರೆಟ್ ಮೀಟರ್ ಒಳ್ಳೆಯದೇ, ಆದರೆ ಅದರ ಕಿರಣ ಮೇಲಿನ ತೆಳು ಪದರವನ್ನಷ್ಟೇ ಓದುತ್ತದೆ. ದಪ್ಪ ಲೇಪನ ಕೊಟ್ಟ ನಾಣ್ಯ ಅದಕ್ಕೆ ಮೋಸ ಮಾಡಬಲ್ಲದು. ನೀರಿನ ತೂಕ ಮತ್ತು ಮೀಟರ್ ಎರಡೂ ಒಂದೇ ಮಾತು ಹೇಳಿದರೆ ನಂಬಬಹುದು. ಒರೆಗಲ್ಲಿನ ವಿಷಯ ಬೇರೆ. ಅದು ಅಂಚಿನಿಂದ ಸ್ವಲ್ಪ ಬಂಗಾರ ತೆಗೆದುಕೊಳ್ಳುತ್ತದೆ, ಗುರುತು ಉಳಿಸುತ್ತದೆ. ಒಡವೆಗಾದರೆ ಚಿಂತೆಯಿಲ್ಲ. ಹಳೆಯ ನಾಣ್ಯ ಕೊಡುವಾಗ ಮಾತ್ರ "ಕಾಕಾ, ಒರೆಗೆ ಹಚ್ಚಬ್ಯಾಡ್ರಿ" ಎಂದು ಮೊದಲೇ ಹೇಳಿಬಿಡಿ.

ರೊಟ್ಟಿಯೋ ಇಡ್ಲಿಯೋ

ಎರಡನೇ ಪ್ರಶ್ನೆಯ ಪಾಠ ಅಡುಗೆಮನೆಯಲ್ಲೇ ಇದೆ.

ಜೋಳದ ರೊಟ್ಟಿ ತಟ್ಟುವುದನ್ನು ನೆನಪಿಸಿಕೊಳ್ಳಿ. ನಡುವೆ ಇಟ್ಟ ಹಿಟ್ಟಿನ ಮುದ್ದೆ ಕೈಯ ಪೆಟ್ಟಿಗೆ ಸುತ್ತಲೂ ಹರಿಯುತ್ತದೆ. ನಾದಿದ್ದು ಕಡಿಮೆಯಾಗಿದ್ದರೆ ಅಂಚು ಬಿರಿಯುತ್ತದೆ. ಒಬ್ಬಳೇ ಅವ್ವ ತಟ್ಟಿದ ಹತ್ತು ರೊಟ್ಟಿಗಳಲ್ಲಿ ಎರಡು ಒಂದೇ ಥರ ಇರುವುದಿಲ್ಲ. ಹಳೆಯ ಕಾಲದ ನಾಣ್ಯ ಹೀಗೇ ಆಗುತ್ತಿತ್ತು: ತೂಗಿದ ಬಂಗಾರದ ಬಿಲ್ಲೆಯನ್ನು ಕೆಳಗಿನ ಅಚ್ಚಿನ ಮೇಲಿಟ್ಟು, ಮೇಲಿನ ಅಚ್ಚು ಹಿಡಿದು, ಸುತ್ತಿಗೆಯಿಂದ ಹೊಡೆತ. ಲೋಹ ನಡುವಿನಿಂದ ಅಂಚಿಗೆ ಹರಿಯುತ್ತದೆ, ಅಂಚು ಒಂದೆರಡು ಕಡೆ ಬಿರಿಯುತ್ತದೆ, ಚಿತ್ರ ಆಚೀಚೆ ಜರುಗುತ್ತದೆ.

ಇಡ್ಲಿ ಹಾಗಲ್ಲ. ಹಿಟ್ಟನ್ನು ಗುಳಿಗೆ ಸುರಿದರೆ ಎಲ್ಲವೂ ಅದೇ ಆಕಾರ, ಮೈಮೇಲೆ ಸಣ್ಣ ಸಣ್ಣ ರಂಧ್ರ. ಎರಕ ಹೊಯ್ದ ನಕಲಿ ನಾಣ್ಯ ಈ ಜಾತಿಯದು. ಅಸಲಿ ನಾಣ್ಯದ ಅಚ್ಚು ತೆಗೆದು ಕರಗಿದ ಲೋಹ ಸುರಿಯುತ್ತಾರೆ. ಬಯಲು ಜಾಗದಲ್ಲಿ ಸೂಜಿಮೊನೆಯಷ್ಟು ಗುಳಿಗಳು ಕಾಣುತ್ತವೆ. ಅಕ್ಷರದ ಮೂಲೆಗಳು ಸಾಬೂನು ಸವೆದಂತೆ ದುಂಡಗಿರುತ್ತವೆ. ಅಂಚಿನಲ್ಲಿ ಎರಡು ಅಚ್ಚು ಕೂಡಿದ ಗೆರೆ, ಅಥವಾ ಆ ಗೆರೆಯನ್ನು ಅರದಿಂದ ತಿಕ್ಕಿದ ಗುರುತು ಇರುತ್ತದೆ. ಲೋಹ ಆರುವಾಗ ಕುಗ್ಗುವುದರಿಂದ ನಾಣ್ಯ ಅಸಲಿಗಿಂತ ತುಸು ಚಿಕ್ಕದಾಗಿರುತ್ತದೆ.

ನನಗೆ ತುಂಬ ಹಿಡಿಸಿದ ಪರೀಕ್ಷೆ ಎಂದರೆ ತಪ್ಪುಗಳನ್ನು ಹೋಲಿಸುವುದು. ಯಾರಾದರೂ ಒಂದೇ ಬಗೆಯ ಎರಡು ವರಾಹ ತಂದರೆ ಚಿತ್ರ ನೋಡುವ ಮೊದಲು ಅಂಚಿನ ಬಿರುಕು ನೋಡಿ. ಒಂದೇ ಅಚ್ಚಿನಿಂದ ಬಂದ ಎರಡು ನಾಣ್ಯಗಳಲ್ಲಿ ಚಿತ್ರ ಒಂದೇ ಇರಬಹುದು. ಆದರೆ ಬಿರುಕು, ಗೀರು, ಜರುಗಿದ ಅಳತೆ ಒಂದೇ ಇರಲು ಸಾಧ್ಯವಿಲ್ಲ, ಯಾಕೆಂದರೆ ಅವು ಆ ಒಂದು ಹೊಡೆತಕ್ಕೆ, ಆ ಒಂದು ಬಿಲ್ಲೆಗೆ ಸೇರಿದವು. ಎರಡರಲ್ಲೂ ಗಡಿಯಾರದ ಮೂರು ಗಂಟೆಯ ಜಾಗದಲ್ಲಿ ಅದೇ ಬಿರುಕು, ಅದೇ ಗೀರು ಇದ್ದರೆ ಅವೆರಡೂ ಮೂರನೆಯ ಯಾವುದೋ ನಾಣ್ಯದ ಇಡ್ಲಿಗಳು.

ನಮ್ಮ ಸೀಮೆಯಲ್ಲಿ ಕೈಗೆ ಬರುವ ನಾಣ್ಯಗಳು

ಕೃಷ್ಣಾ ತೀರದ ರಕ್ಕಸಗಿ–ತಂಗಡಗಿ ಕಡೆ ವಿಜಯನಗರ ಸೋತ 1565ರ ಯುದ್ಧ ನಡೆದ ನೆಲವಾದ್ದರಿಂದ ವಿಜಯಪುರ, ಬಾಗಲಕೋಟೆಗಳಲ್ಲಿ ವರಾಹದ ಕಥೆಗಳಿಗೆ ಬರವಿಲ್ಲ. ಕೃಷ್ಣದೇವರಾಯನ ವರಾಹದ ಒಂದು ಬದಿಗೆ ಕುಳಿತ ಬಾಲಕೃಷ್ಣ, ಇನ್ನೊಂದು ಬದಿಗೆ ನಾಗರಿ ಲಿಪಿಯ ಮೂರು ಸಾಲಿನಲ್ಲಿ "ಶ್ರೀ ಪ್ರತಾಪ ಕೃಷ್ಣರಾಯ". ಅಚ್ಯುತರಾಯನದರ ಮೇಲೆ ಗಂಡಭೇರುಂಡ. ಅಚ್ಚು ಬಿಲ್ಲೆಗಿಂತ ದೊಡ್ಡದಿರುತ್ತಿದ್ದರಿಂದ ಅಕ್ಷರಗಳು ಅಂಚಿನಲ್ಲಿ ಕತ್ತರಿಸಿಹೋಗುವುದು ಸಾಮಾನ್ಯ. ಅಕ್ಷರಗಳೆಲ್ಲ ತುಂಬಿಬಂದ ವರಾಹಕ್ಕೆ ಬೆಲೆ ಹೆಚ್ಚು. ಅಕ್ಷರ ಪೂರ್ತಿ ಇದ್ದೂ ಸುತ್ತ ಅಂದವಾದ ಖಾಲಿ ಅಂಚು ಬಿಟ್ಟಿದ್ದರೆ ಅದು ಪುಟ್ಟ ಹೊಸ ಅಚ್ಚಿನ ಕೆಲಸ ಇರಬಹುದು.

ಬೆಳಗಾವಿಯ ಹಲಸಿ ಸೀಮೆಯನ್ನೂ ಆಳಿದ ಗೋವೆಯ ಕದಂಬರ ಗದ್ಯಾಣದ ಮೇಲೆ ಸಿಂಹ ಇರುತ್ತದೆ. ವಿಜಯಪುರದ್ದೇ ಟಂಕಸಾಲೆಯ ಬಂಗಾರ ಬೇಕೆಂದರೆ ಔರಂಗಜೇಬನ ಮೊಹರು. 1686ರಲ್ಲಿ ಆದಿಲ್‌ಶಾಹಿಯನ್ನು ಮುಗಿಸಿದ ಮೇಲೆ ಅವನು ಈ ಊರಿಗೆ "ದಾರುಲ್ ಜಫರ್", ಅಂದರೆ ವಿಜಯದ ನೆಲೆ, ಎಂಬ ಬಿರುದು ಕೊಟ್ಟು ನಾಣ್ಯ ಒತ್ತಿಸಿದ. ಮೊಹರು ಸುಮಾರು 11 ಗ್ರಾಂ. ಇದರಲ್ಲಿ ಹಿಜರಿ ವರ್ಷ ಮತ್ತು ಆಳ್ವಿಕೆಯ ವರ್ಷ ಎರಡೂ ಇರುತ್ತವೆ, ಎರಡೂ ತಾಳೆಯಾಗಬೇಕು. ಊರು ಅವನ ಕೈಗೆ ಬಂದದ್ದು ಹಿಜರಿ 1097ರಲ್ಲಿ, ಆಳ್ವಿಕೆಯ 30ನೇ ವರ್ಷ. "ಬಿಜಾಪುರ" ಎಂದೂ ಔರಂಗಜೇಬನ ಹೆಸರೂ ಇದ್ದು ಹಿಜರಿ 1090 ಎಂದಿದ್ದರೆ, ಇನ್ನೂ ಗೆಲ್ಲದ ಊರಲ್ಲಿ ಅವನು ನಾಣ್ಯ ಒತ್ತಿಸಿದ ಹಾಗಾಯಿತು. ತಕ್ಕಡಿ, ಮೀಟರ್ ಯಾವುದೂ ಬೇಡ, ಫಾರ್ಸಿ ಅಂಕಿ ಓದುವವರೊಬ್ಬರು ಸಾಕು.

ಪುತಳಿ ಸರದ ಕಥೆ ಸ್ವಾರಸ್ಯದ್ದು. ನಮ್ಮ ಹೆಂಗಸರ ಕೊರಳಿನ ಪುತಳಿಗೆ ಮೂಲ ಇಟಲಿಯ ವೆನಿಸ್ ನಗರದ ಡ್ಯುಕಾಟ್. 1284ರಲ್ಲಿ ಶುರುವಾಗಿ 1797ರವರೆಗೆ ಹೆಚ್ಚೂಕಡಿಮೆ ಅದೇ ಚಿತ್ರ, ಸುಮಾರು 3.5 ಗ್ರಾಂನ ಅಪ್ಪಟ ಬಂಗಾರ. ಒಂದು ಬದಿಗೆ ಸಂತನ ಮುಂದೆ ಮಂಡಿಯೂರಿದ ದೊರೆ, ಇನ್ನೊಂದು ಬದಿಗೆ ನಕ್ಷತ್ರಗಳ ನಡುವೆ ಯೇಸು. ವ್ಯಾಪಾರದ ಜೊತೆ ಪಶ್ಚಿಮ ಕರಾವಳಿಗೆ ಬಂದ ಈ ನಾಣ್ಯವನ್ನು ಇಲ್ಲಿಯ ಅಕ್ಕಸಾಲಿಗರೂ ಒತ್ತತೊಡಗಿದರು. ಲ್ಯಾಟಿನ್ ಅಕ್ಷರ ಓದಲು ಬಾರದೆ ಅವು ಬರೀ ಗೀಟುಗಳಾದವು. ಇದನ್ನು ಮೋಸ ಅನ್ನಲು ನನಗೆ ಮನಸ್ಸಿಲ್ಲ, ಬಂಗಾರ ಒಳ್ಳೆಯದೇ ಹಾಕುತ್ತಿದ್ದರು. ಆದರೂ ಸಂಗ್ರಹಕಾರರ ಲೆಕ್ಕದಲ್ಲಿ ವೆನಿಸ್ಸಿನ ಡ್ಯುಕಾಟ್ ಬೇರೆ, ನಮ್ಮ ಪುತಳಿ ಬೇರೆ.

ರಾಮಪಟ್ಟಾಭಿಷೇಕದ ಚಿತ್ರವಿರುವ ರಾಮಟಂಕೆಗಳು ಪೂಜೆಯ ಬಿಲ್ಲೆಗಳು. ಸಂತೆಯಲ್ಲಿ ಸಿಗುವ "1818 ಈಸ್ಟ್ ಇಂಡಿಯಾ ಕಂಪನಿ" ಎಂದು ಬರೆದ ಹನುಮಂತನ ಬಿಲ್ಲೆಯಂಥ ನಾಣ್ಯವನ್ನು ಕಂಪನಿ ಎಂದೂ ಹೊರಡಿಸಿರಲಿಲ್ಲ.

ಮೈಯ ಮಾತು

ಇನ್ನು ಮೂರನೇ ಪ್ರಶ್ನೆ. ನಾಣ್ಯ ಪೇಟೆಯಲ್ಲಿ ಕೇಳುವ "ಹೈ ಗ್ರೇಡ್", ಅಂದರೆ ಮೈ ಕೆಡದ ಮೇಲ್ದರ್ಜೆಯ ನಾಣ್ಯ, ಎಂಬ ಮಾತು ಬರುವುದು ಇಲ್ಲಿ.

ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ತಾಮ್ರದ ಸೆಂಟ್ ನಾಣ್ಯಗಳಿಗಾಗಿ 1ರಿಂದ 70ರವರೆಗಿನ ಅಳತೆಗೋಲು ಮಾಡಿದ. ಇವತ್ತು ಜಗತ್ತಿನ ನಾಣ್ಯ ಪೇಟೆ ಬಹುಮಟ್ಟಿಗೆ ಇದೇ ಗೋಲು ಹಿಡಿದಿದೆ. 60ರಿಂದ ಮೇಲೆ "ಮಿಂಟ್ ಸ್ಟೇಟ್", ಅಂದರೆ ಬಳಕೆಯಲ್ಲಿ ಸವೆಯದ ನಾಣ್ಯ. 50ರ ಮೇಲಿನದು ಎತ್ತರದ ಭಾಗಗಳಲ್ಲಷ್ಟೇ ತುಸು ಸವೆದದ್ದು. ಕೆಳಗಿಳಿದಷ್ಟೂ ಸವೆತ ಜಾಸ್ತಿ. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಎಂಬ ಸಂಸ್ಥೆಗಳು ಶುರುವಾಗಿ ನಾಣ್ಯಕ್ಕೆ ಅಂಕ ಕೊಟ್ಟು ಪಾರದರ್ಶಕ ಡಬ್ಬಿಯಲ್ಲಿ ಮುಚ್ಚಿ ಕೊಡುತ್ತಿವೆ. ಅದೇ ಡಬ್ಬಿಗಳ ನಕಲಿಯೂ ಬಂದಿರುವುದರಿಂದ ಡಬ್ಬಿಯ ಮೇಲಿನ ಸಂಖ್ಯೆಯನ್ನು ಆ ಸಂಸ್ಥೆಯ ತಾಣದಲ್ಲಿ ಹಾಕಿ ಚಿತ್ರ ತಾಳೆ ನೋಡಬೇಕು.

ಸವೆತ ಎಲ್ಲಿ ನೋಡಬೇಕು? ಹಳೆಯ ಗುಡಿಯ ಹೊಸ್ತಿಲಲ್ಲಿ ಉಬ್ಬಿದ ಭಾಗ ಮೊದಲು ನುಣುಪಾಗುತ್ತದೆ. ನಾಣ್ಯದಲ್ಲೂ ಹಾಗೆ. ಗಿನ್ನಿಯಲ್ಲಿ ರಾಜನ ಕಿವಿಯ ಮೇಲಿನ ಕೂದಲು, ಮೀಸೆ, ಹಿಂಬದಿಯಲ್ಲಿ ಸವಾರನ ಮೊಣಕಾಲು, ಕುದುರೆಯ ಎದೆ. ಅಂಚೆ ಕಚೇರಿಯ ಸಿಕ್ಕಾ ಒಂದು ಕಡೆ ಸರಿಯಾಗಿ ಒತ್ತದೆ ಅಕ್ಷರ ಮಸುಕಾಗುವಂತೆ, ನಾಣ್ಯದ ಚಿತ್ರವೂ ಹೊಡೆತ ಸಾಲದೆ ಮಸುಕಾಗಿರಬಹುದು. ಅದು ಸವೆತ ಅಲ್ಲ. ಬೆಳಕಿಗೆ ಓರೆಯಾಗಿ ಹಿಡಿದರೆ ತಿಳಿಯುತ್ತದೆ: ಸವೆದ ಜಾಗ ನುಣುಪು ಮತ್ತು ಮಂಕು. ಹೊಡೆತ ಸಾಲದ ಜಾಗದಲ್ಲಿ ಮೊದಲಿನ ಹೊಳಪು, ತುಸು ಒರಟುತನ ಉಳಿದಿರುತ್ತದೆ.

ಆ ಹೊಳಪು ಏನು? ಅಚ್ಚಿನ ಪೆಟ್ಟಿಗೆ ಲೋಹ ನಡುವಿನಿಂದ ಹೊರಗೆ ಹರಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಏಳುತ್ತವೆ. ಸವೆಯದ ನಾಣ್ಯವನ್ನು ದೀಪದ ಕೆಳಗೆ ಮೆಲ್ಲಗೆ ತಿರುಗಿಸಿದರೆ ಬೆಳಕಿನ ಪಟ್ಟಿಗಳು ಚಕ್ಕಡಿ ಗಾಲಿಯ ಅರಗಳಂತೆ ಸುತ್ತುತ್ತವೆ. ಯಂತ್ರದಲ್ಲಿ ಒತ್ತಿದ ಗಿನ್ನಿಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ, ಕೈಯಿಂದ ಹೊಡೆದ ವರಾಹಗಳಲ್ಲಿ ಅಷ್ಟಾಗಿ ಇಲ್ಲ. ಪಾಲಿಶ್ ಮಾಡಿದರೆ ಆ ಗೆರೆಗಳೇ ಅಳಿಸಿಹೋಗುತ್ತವೆ. ಆಮೇಲೆ ನಾಣ್ಯ ಮಿರಮಿರ ಮಿಂಚುತ್ತದೆ, ಆದರೆ ಗಾಲಿ ತಿರುಗುವುದಿಲ್ಲ.

ನಮ್ಮ ಮನೆಯಲ್ಲಿ ಆದದ್ದೂ ಇದೇ. ಅಂಗಡಿಗೆ ಒಯ್ಯುವ ಹಿಂದಿನ ಸಂಜೆ ಚಿಗವ್ವ, "ಹೊಲಸಾಗೇತಿ, ಹಿಂಗ ಒಯ್ದ್ರ ಏನ ತಿಳಕೋತಾರ" ಎಂದು ಗಿನ್ನಿಗೆ ಹುಣಸೆಹಣ್ಣು, ರಂಗೋಲಿ ಪುಡಿ ಹಚ್ಚಿ ತಿಕ್ಕಿದ್ದಳು. ಎಷ್ಟೋ ವರ್ಷ ಅರಿವೆಯೊಳಗೆ ಮಲಗಿದ್ದ ಮೈಮೇಲೆ ಐದು ನಿಮಿಷದಲ್ಲಿ, ಬೂದಿ ಹಾಕಿ ತಿಕ್ಕಿದ ಸ್ಟೀಲ್ ತಾಟಿನ ಮೇಲಿರುವಂಥ ನೂರಾರು ಗೀರು. ನಾನೂ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದೆ, ಬೇಡ ಅನ್ನಲಿಲ್ಲ. ಅಂಕ ಕೊಡುವ ಸಂಸ್ಥೆಗಳು ಇಂಥ ನಾಣ್ಯಕ್ಕೆ ಸಂಖ್ಯೆ ಕೊಡುವುದಿಲ್ಲ. "ಅಸಲಿ, ಆದರೆ ತಿಕ್ಕಿದ್ದು" ಎಂಬರ್ಥದ ಷರಾ ಬರೆಯುತ್ತವೆ.

ಹೆಚ್ಚುವರಿ ತೂಕದ ಗುಟ್ಟು

8.03 ಗ್ರಾಂಗೆ ಮರಳೋಣ. ಗಿನ್ನಿ ಯಂತ್ರದಲ್ಲಿ ಒತ್ತಿದ, ತೂಕ ಬಿಗಿಯಾಗಿ ಕಾಯ್ದ ನಾಣ್ಯ. ಬಳಕೆಯಲ್ಲಿ ತೂಕ ಇಳಿಯಬಹುದೇ ಹೊರತು ಏರಲಾರದು. ಎಷ್ಟು ಇಳಿಯಬಹುದು ಎನ್ನುವುದಕ್ಕೂ ಬ್ರಿಟಿಷರು ಗೆರೆ ಎಳೆದಿದ್ದರು: ಸುಮಾರು 7.94 ಗ್ರಾಂಗಿಂತ ಕೆಳಗಿಳಿದ ಗಿನ್ನಿ ಚಲಾವಣೆಗೆ ನಡೆಯುತ್ತಿರಲಿಲ್ಲ.

ಪತ್ತಾರ ಕಾಕಾ ಭೂತಗನ್ನಡಿ ಕಣ್ಣಿಗೇರಿಸಿ ಅಂಚನ್ನು ಸುತ್ತಿಸಿದರು. ಗಿನ್ನಿಯ ಅಂಚಿನಲ್ಲಿ ಸುತ್ತಲೂ ಒತ್ತೊತ್ತಾಗಿ ಗೆರೆಗಳಿರುತ್ತವೆ. ರಾಜನ ತಲೆಯ ಸರಿಯಾಗಿ ಮೇಲೆ, ಹನ್ನೆರಡು ಗಂಟೆಯ ಜಾಗದಲ್ಲಿ, ಐದಾರು ಗೆರೆ ತುಂಬಿಹೋಗಿದ್ದವು. ಅಲ್ಲಿಯ ಬಣ್ಣ ಕೂದಲೆಳೆಯಷ್ಟು ಬೇರೆ.

"ಕೊಂಡಿ ಬೆಸದಿದ್ರು ನೋಡ. ನಿಮ್ಮ ಆಯಿ ಕೊಳ್ಳಾಗ ಹಾಕ್ಕೊಂತಿದ್ಲೇನು?"

ಮದುವೆಯ ಫೋಟೋದಲ್ಲಿ ಆಯಿಯ ಕೊರಳಲ್ಲಿ ಗುಂಡಿನ ಸರದ ನಡುವೆ ದುಂಡನೆಯದೇನೋ ಇರುವುದು ಆಗ ನೆನಪಾಯಿತು. ಕೊಂಡಿ ಕಿತ್ತವರು ಬೆಸುಗೆಯನ್ನು ಪೂರ್ತಿ ತೆಗೆದಿರಲಿಲ್ಲ. ಹೆಚ್ಚುವರಿ ತೂಕ ಅದರದ್ದು. ಒಡವೆಯಾಗಿದ್ದ ನಾಣ್ಯಗಳಲ್ಲಿ ನೋಡಬೇಕಾದ ಮೊದಲ ಜಾಗವೇ ಇದು: ಹನ್ನೆರಡು ಗಂಟೆಯ ಅಂಚು. ಅಲ್ಲಿ ಬೆಸುಗೆ, ಅರದ ಗುರುತು, ಮುಚ್ಚಿದ ತೂತು ಸಿಗುತ್ತದೆ. ಇಡೀ ನಾಣ್ಯವನ್ನು ಚೌಕಟ್ಟಿನಲ್ಲಿ ಕೂರಿಸಿದ್ದರೆ ಸುತ್ತಲೂ ಹಿಡಿಕೆಯ ಒತ್ತು ಇರುತ್ತದೆ. ಮೊಹರುಗಳ ಮೇಲೆ ಹಳೆಯ ಸರಾಫರು ಬಂಗಾರ ನೋಡಲು ಹೊಡೆದ ಸಣ್ಣ ಮುದ್ರೆಗಳೂ ಸಿಗುತ್ತವೆ. ಅವು ದರ್ಜೆ ಇಳಿಸುತ್ತವೆ, ಆದರೆ ನಾಣ್ಯ ಕೈಯಿಂದ ಕೈಗೆ ಓಡಾಡಿದ್ದಕ್ಕೆ ಸಾಕ್ಷಿಯೂ ಹೌದು.

ನಾಣ್ಯ ಅಸಲಿಯೇ ಎಂಬುದು ಆಮೇಲೆ ತೀರ್ಮಾನವಾಯಿತು. ಕತ್ತಿನ ಕೆಳಗೆ ಶಿಲ್ಪಿ ಬರ್ಟ್ರಾಂ ಮೆಕೆನಲ್‌ನ "ಬಿ.ಎಂ." ಅಕ್ಷರ, ಹಿಂಬದಿಯಲ್ಲಿ ಬೆನೆಡೆಟ್ಟೊ ಪಿಸ್ಟ್ರುಚಿಯ "ಬಿ.ಪಿ." ಎರಡೂ ಸೂಜಿಯಿಂದ ಬರೆದಷ್ಟು ಚೂಪು. ಇಸವಿಯ ಮೇಲೆ, ಕುದುರೆ ನಿಂತ ನೆಲದ ಗೆರೆಯಲ್ಲಿ ಪುಟ್ಟ "ಐ". ಅದು ಇಂಡಿಯಾದ ಗುರುತು. ಮೊದಲ ಮಹಾಯುದ್ಧದ ಹೊತ್ತಿಗೆ, 1918ರ ಒಂದೇ ವರ್ಷ, ಬಾಂಬೆಯಲ್ಲಿ ಗಿನ್ನಿ ಒತ್ತಿದ್ದರು.

ಹೊಲದಲ್ಲಿ ಸಿಕ್ಕಿತು ಅಂದರೆ

ಫೋನ್ ಬರುತ್ತದೆ: ಮನೆ ಪಾಯ ತೋಡುವಾಗ ಕೊಡ ತುಂಬ ಬಂಗಾರದ ನಾಣ್ಯ ಸಿಕ್ಕಿದೆ, ಅರ್ಧ ಬೆಲೆಗೆ ಕೊಡುತ್ತೇವೆ. ಹೋದರೆ ಒಂದೆರಡು ನಾಣ್ಯ ಕೈಗಿಟ್ಟು "ಬೇಕಾದ ಕಡೆ ಪರೀಕ್ಷೆ ಮಾಡಿಸ್ರಿ" ಅನ್ನುತ್ತಾರೆ. ಅವು ಖರೇ ಬಂಗಾರವೇ. ಎರಡನೇ ಸಲ ಚೀಲ ತುಂಬ ದುಡ್ಡು ಒಯ್ದವರಿಗೆ ಸಿಗುವುದು ಹಿತ್ತಾಳೆ. ಪರೀಕ್ಷೆ ಮಾಡಿದ ನಾಣ್ಯ ಬೇರೆ, ಕೊಂಡದ್ದು ಬೇರೆ. ಪೊಲೀಸ್ ಠಾಣೆಗಳಲ್ಲಿ ಇಂಥ ದೂರು ಹೊಸದಲ್ಲ.

ನಿಜವಾಗಿಯೇ ನೆಲದಲ್ಲಿ ಸಿಕ್ಕಿದ್ದರೂ ಅದು ತಾನಾಗಿಯೇ ಸಿಕ್ಕವರ ಸ್ವತ್ತಾಗುವುದಿಲ್ಲ. ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇದೆ, ಸಿಕ್ಕದ್ದನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು. ಮನೆತನದಲ್ಲಿ ಇಳಿದುಬಂದ ನಾಣ್ಯದ ಮಾತು ಬೇರೆ, ಅದನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಆದರೆ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ, ಅದರ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ಆಯಿಯ ಗಿನ್ನಿ 2018ರಲ್ಲೇ ಆ ಗೆರೆ ದಾಟಿದೆ.

ನಾವು ಅದನ್ನು ಮಾರಲಿಲ್ಲ. ತಿಕ್ಕಿದ್ದು, ಬೆಸೆದದ್ದು ಎರಡೂ ಸೇರಿ ಬಂಗಾರದ ದರದ ಮೇಲೆ ಯಾರೂ ಕೊಡುವಂತಿರಲಿಲ್ಲ. ಈಗ ಅದು ಗಟ್ಟಿ ಪ್ಲಾಸ್ಟಿಕ್ಕಿನ ಪುಟ್ಟ ಡಬ್ಬಿಯಲ್ಲಿದೆ. ಹೊರಗೆ ತೆಗೆಯುವಾಗ ಅಂಚು ಹಿಡಿದೇ ತೆಗೆಯುತ್ತೇವೆ, ಚಿಗವ್ವ ಕೂಡ.